ನಾಲ್ವರು ಹತ್ತಿದ ವಿಮಾನದಿಂದ ಒಬ್ಬನೇ ಇಳಿದ

ನೋಡಿ, ಪ್ರಸಾದಕ್ಕೆ ಇನ್ನೂ ಹೊತ್ತಿದೆ, ಅಲ್ಲಿಯವರೆಗೆ ಒಂದು ಕಥೆ ಕೇಳಿ. ಒಂದು ಊರಿನಲ್ಲಿ ಒಬ್ಬ ಸಾಹೇಬ ಇದ್ದ. ಬೇಕಾದರೆ ಶ್ರೀಮಂತ ಅನ್ನಿ. ಆದರೆ ಅವನ ಶ್ರೀಮಂತಿಕೆ ತಿಜೋರಿಯಲ್ಲಿರಲಿಲ್ಲ, ಹೆಗಲ ಮೇಲಿತ್ತು. ವಾಯುಪಡೆಯಲ್ಲಿ ವಿಮಾನ ಹಾರಿಸುತ್ತಿದ್ದವನು. ಹೆಗಲಿನ ಪಟ್ಟಿ ಏರುತ್ತ ಏರುತ್ತ ಗ್ರೂಪ್ ಕ್ಯಾಪ್ಟನ್ ಆಗಿ ನಿವೃತ್ತನಾದ. ಊರಿಗೆ ಬಂದು ಸಮವಸ್ತ್ರ ಬಿಚ್ಚಿಟ್ಟ. ಪಟ್ಟಿ ಬಿಚ್ಚಿಟ್ಟನೇ? ಇಲ್ಲ. ಮನೆಯ ಗೇಟಿನ ಮೇಲೆ ಹುದ್ದೆ, ಸ್ಕೂಟರಿನ ಮೇಲೆ ಹುದ್ದೆ. ಲಗ್ನಪತ್ರಿಕೆಯ ಮೇಲೆ ಬರೀ ‘ಶ್ರೀ’ ಎಂದು ಬರೆದುಕೊಟ್ಟರೆ ಆ ಮದುವೆಗೆ ಹೋಗುತ್ತಿರಲಿಲ್ಲ. ದವಾಖಾನೆಯಲ್ಲಿ ನರ್ಸಮ್ಮ ಬರೀ ಹೆಸರು ಹಿಡಿದು ಕೂಗಿದರೆ ಏಳುತ್ತಿರಲಿಲ್ಲ. ಜ್ವರದಲ್ಲಿ ನಡುಗುತ್ತ ಕೂತೇ ಇರುತ್ತಿದ್ದ. ನಗುತ್ತೀರಿ. ನಗಿ, ನಗಿ. ನಿಮ್ಮ ಸರದಿಯೂ ಬರುತ್ತದೆ.

ಆ ಊರಿನಲ್ಲಿ ವಾಯುಪಡೆಯಿಂದ ನಿವೃತ್ತರಾದವರೆಲ್ಲ ವರ್ಷಕ್ಕೊಮ್ಮೆ ಒಂದು ಸಭಾಭವನದಲ್ಲಿ ಸೇರುತ್ತಿದ್ದರು. ಮುಂದೆ ಸೋಫಾ, ಹಿಂದೆ ಪ್ಲಾಸ್ಟಿಕ್ ಕುರ್ಚಿ. ಯಾರು ಎಲ್ಲಿ ಕೂಡಬೇಕೆಂದು ಯಾರೂ ಹೇಳಬೇಕಾಗಿರಲಿಲ್ಲ. ಸೊಂಟ ಹಿಡಿದುಕೊಂಡ ಮುದುಕ ತಾನಾಗಿಯೇ ಪ್ಲಾಸ್ಟಿಕ್ ಕುರ್ಚಿಗೆ ಹೋಗುತ್ತಿದ್ದ, ಗಟ್ಟಿಮುಟ್ಟಾದ ಸಾಹೇಬ ಸೋಫಾಕ್ಕೆ. ಕೆಲಸ ಬಿಟ್ಟು ಇಪ್ಪತ್ತು ವರ್ಷವಾಗಿದೆ, ಪಿಂಚಣಿ ತಿನ್ನುತ್ತಿದ್ದಾರೆ, ಇನ್ನೂ ಸೀನಿಯರ್, ಜೂನಿಯರ್! ಉಪ್ಪಿಟ್ಟು, ಶಿರಾ, ಚಹಾ ಆದಮೇಲೆ ಕಥೆ. ಕಥೆ ಹೇಳುವವನು ಸೋಫಾದವನು, ಚಪ್ಪಾಳೆ ಹೊಡೆಯುವವರು ಕುರ್ಚಿಯವರು.

ಸಾಹೇಬನದು ಪ್ರತಿ ವರ್ಷವೂ ಒಂದೇ ಕಥೆ. ಗಡಿಯ ಗುಡ್ಡಗಳಲ್ಲಿ ಕಾವಲಿಗಿದ್ದ ಸೈನಿಕರಿಗೆ ಅಕ್ಕಿ, ಬೇಳೆ, ಸೀಮೆಎಣ್ಣೆ ಒಯ್ಯುವ ಸಾಮಾನಿನ ವಿಮಾನ. ವಿಮಾನದಲ್ಲಿ ನಾಲ್ವರು. ಹಾರಿಸಲು ನಮ್ಮ ಸಾಹೇಬ, ಅವನ ಪಕ್ಕದಲ್ಲಿ ಎರಡನೆಯ ಪೈಲಟ್, ಇಂಜಿನ್ ನೋಡಿಕೊಳ್ಳುವವನೊಬ್ಬ, ಹಿಂದಿನ ಬಾಗಿಲಲ್ಲಿ ನಿಂತು ಮೂಟೆ ಕೆಳಗೆ ತಳ್ಳುವವನೊಬ್ಬ. ಒಂದು ದಿನ ಗುಡ್ಡಗಳ ನಡುವೆ ಒಂದು ಇಂಜಿನ್ ನಿಂತುಹೋಯಿತು. ಹೇಗೋ ತಿರುಗಿಸಿಕೊಂಡು ಬಂದರು. ಇಳಿಯಬೇಕು ಅಂದರೆ ಚಕ್ರ ಕೆಳಗೆ ಬರಲೊಲ್ಲದು. ಆಗ ಇಂಜಿನ್ ನೋಡುವವನು ಒಳಗಿದ್ದ ಕೈಪಂಪು ಹಿಡಿದು ಒತ್ತತೊಡಗಿದ. ನಮ್ಮ ಬೋರ್‌ವೆಲ್ ಒತ್ತುತ್ತೇವಲ್ಲ, ಹಾಗೆ. ಅಂಗೈ ಸುಲಿದು ಹಿಡಿಕೆ ರಕ್ತವಾದರೂ ಬಿಡಲಿಲ್ಲ. ಚಕ್ರ ಇಳಿಯಿತು. ನಾಲ್ವರೂ ಬದುಕಿದರು. ಇದು ನಡೆದದ್ದು.

ಇನ್ನು ಹೇಳಿದ್ದನ್ನು ಕೇಳಿ. ಮೊದಲ ವರ್ಷ ಕಥೆಯಲ್ಲಿ ನಾಲ್ವರೂ ಇದ್ದರು. ಮುಂದೆ ಎರಡನೆಯ ಪೈಲಟ್ ಸಾಹೇಬನಿಗಿಂತ ದೊಡ್ಡ ಹುದ್ದೆಗೆ ಏರಿದ. ಹೊಟ್ಟೆಕಿಚ್ಚಿಗೆ ಸಾಹೇಬ ಅವನನ್ನು ಕಥೆಯಿಂದ ಇಳಿಸಿದ. ಆಮೇಲೆ ಬಾಗಿಲಲ್ಲಿದ್ದವನನ್ನು ಇಳಿಸಿದ. ಮಜಾ ಏನೆಂದರೆ ಆ ಬಾಗಿಲಿನವನು ಅದೇ ಊರಿನವನು, ಅದೇ ಸಭೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಶಿರಾ ತಿನ್ನುತ್ತ ಕೂತಿದ್ದ! ತನ್ನನ್ನೇ ವಿಮಾನದಿಂದ ಇಳಿಸುತ್ತಿದ್ದರೂ ಚಪ್ಪಾಳೆ ಹೊಡೆದ. ಇಂಥವರೂ ಇರುತ್ತಾರೆ. ಕೊನೆಗೆ ಇಂಜಿನ್ ನೋಡುವವನನ್ನೂ ಇಳಿಸಿದ. ಹಾಗಾದರೆ ಚಕ್ರ ಯಾರು ಇಳಿಸಿದರು? ಯಾರೂ ಇಲ್ಲ. ಸಾಹೇಬನ ಹುದ್ದೆಗೆ ಹೆದರಿ ಚಕ್ರಗಳು ತಾವೇ ಇಳಿದವು!

ಒಂದು ವರ್ಷ ಆ ಸಭೆಗೆ ಒಬ್ಬ ತಾಯಿ ಬಂದಳು. ಇಂಜಿನ್ ನೋಡುತ್ತಿದ್ದವನ ಹೆಂಡತಿ. ಅವನು ತೀರಿಕೊಂಡಿದ್ದ. ಆಕೆ ಮಗಳ ಮನೆಗೆಂದು ಆ ಊರಿಗೆ ಬಂದವಳು, ಸಾಹೇಬ ಆ ಕಥೆ ಹೇಳುತ್ತಾನೆ ಎಂದು ಕೇಳಿ ಮಗಳ ಕೈ ಹಿಡಿದುಕೊಂಡು ಬಂದಿದ್ದಳು. ಯಾಕೆ ಬಂದಳು? ಸನ್ಮಾನಕ್ಕಲ್ಲ, ಶಾಲಿಗಲ್ಲ. ನಿಮಗೆ ಗೊತ್ತಲ್ಲ, ಹಿಂದಿನ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುವುದಿಲ್ಲ. ಮದುವೆಯ ದಿನ ಹೊಸ್ತಿಲಲ್ಲಿ ತಡೆದು, ಗಂಡನ ಹೆಸರು ಕೂಡಿಸಿ ಒಡಪು ಹೇಳಿಸಿದಾಗ ಈ ತಾಯಿಯೂ ಒಮ್ಮೆ ಹೇಳಿದ್ದಳು, ಮುಗಿಯಿತು. ಮಗಳು ‘ಅಪ್ಪ’ ಅನ್ನುತ್ತಿದ್ದಳು, ಮೊಮ್ಮಕ್ಕಳು ‘ಅಜ್ಜ’. ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಆ ಹೆಸರನ್ನು ಒಂದು ಸಲ, ಒಂದೇ ಸಲ, ನಾಲ್ಕು ಜನರ ಮುಂದೆ ಕಿವಿತುಂಬ ಕೇಳಬೇಕೆಂದು ಆ ಜೀವ ಬಂದಿತ್ತು.

ಸಾಹೇಬ ಶುರುಮಾಡಿದ. “ಒಂದ್ ಇಂಜಿನ್ ಬಂದ್. ಚಕ್ರ ಕೆಳಗ ಬರವಲ್ಲವು. ಸುತ್ತಲೂ ಹಿಮದ ಗುಡ್ಡ. ವಿಮಾನದಾಗ ನಾ ಒಬ್ಬನ!”

ಕುರ್ಚಿಯವರು ಚಪ್ಪಾಳೆ ಹೊಡೆದರು. ತಾಯಿ ಎದ್ದು ನಿಂತಳು.

“ಸಾಹೇಬ್ರ, ನಾ ನಿಮ್ಮ ವಿಮಾನದಾಗ ಇಂಜಿನ್ ನೋಡತಿದ್ರಲ್ಲ, ಅವರ ಮನಿಯಾಕಿ. ವಿಮಾನ ಹೊಂಡೂದಕ್ಕಿಂತ ಮೊದಲ ನೀವು ಒಬ್ಬೊಬ್ಬರ ಹೆಸರ ಹಿಡದು ಕರೀತಿದ್ರಂತ. ಎಲ್ಲಾರೂ ‘ರೆಡಿ’ ಅಂದ ಮ್ಯಾಲೆನ ವಿಮಾನ ಹೊಂಡತಿತ್ತಂತ. ನಮ್ಮನಿಯವರು ಹೇಳತಿದ್ರು. ಆವತ್ತ ಕರದಂಗ ಒಮ್ಮೆ ಕರೀರಿ. ಅಷ್ಟ ಕೇಳಾಕ ಬಂದೇನಿ.”

ಎಷ್ಟು ಸಣ್ಣ ಬೇಡಿಕೆ! ಸಾಹೇಬ ನಕ್ಕ. “ಹೌದೌದು, ಅಂವಾ ಇದ್ದ ಅಲಾ, ನಮ್ಮ... ಭಾಳ ಛಲೋ ಮನಷ್ಯಾ. ಹಿಂಗ ದಪ್ಪಗಿದ್ದ...”

“ತೆಳ್ಳಗಿದ್ರರೀ,” ಅಂದಳು ತಾಯಿ.

ಕೇಳಿದಿರಾ? ಅವನಿಗೆ ಹೆಸರು ನೆನಪಿರಲಿಲ್ಲ. ನಾಟಕವಲ್ಲ, ನಿಜವಾಗಿಯೂ ಮರೆತುಹೋಗಿತ್ತು. ತಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂದು ತಾರೀಖು ಸಮೇತ ಹೇಳುವ ಬಾಯಿಗೆ, ತನ್ನ ಜೀವ ಉಳಿಸಿದವನ ಹೆಸರು ಬರಲಿಲ್ಲ. ವರ್ಷವರ್ಷ ಅವನನ್ನು ಬಿಟ್ಟು ಹೇಳಿ ಹೇಳಿ, ತನ್ನ ಸುಳ್ಳನ್ನು ತಾನೇ ನಂಬಿಬಿಟ್ಟಿದ್ದ. ಥೂ, ಇದೆಂಥ ಬಡತನ!

ಹಿಂದೆ ತಿರುಗಿ ಕೇಳಿದ, “ಯಾರಿಗರ ನೆನಪೈತೇನು?”

ಬಾಗಿಲಿನವನಿಗೆ ನೆನಪಿತ್ತು. ಒಂದೇ ತಟ್ಟೆಯಲ್ಲಿ ಉಂಡವನು, ರಕ್ತವಾದ ಅಂಗೈಗೆ ತನ್ನ ಕರವಸ್ತ್ರ ಕಟ್ಟಿದವನು, ಅವನಿಗೆ ನೆನಪಿರದೆ? ಅರ್ಧ ಎದ್ದ. ಸೋಫಾದ ಕಡೆ ನೋಡಿದ. ಸಾಹೇಬರಿಗೇ ಗೊತ್ತಿಲ್ಲದ್ದು ತನಗೆ ಗೊತ್ತಿದ್ದರೆ ಅಧಿಕಪ್ರಸಂಗವಾದೀತೆಂದು ಮತ್ತೆ ಕೂತ. ಹೇಳಿ, ಇಬ್ಬರಲ್ಲಿ ಯಾರು ಹೆಚ್ಚು ಹೀನ? ಒಬ್ಬ ಮರೆತವನು. ಇನ್ನೊಬ್ಬ ನೆನಪಿದ್ದೂ ಬಾಯಿ ಮುಚ್ಚಿಕೊಂಡವನು. ನನ್ನನ್ನು ಕೇಳಿದರೆ ಕುರ್ಚಿಯವನೇ. ಸೋಫಾದವನ ಸುಳ್ಳು ಇಷ್ಟು ವರ್ಷ ಬೆಳೆದದ್ದು ಇವನ ಚಪ್ಪಾಳೆಯಿಂದ.

ಆ ತಾಯಿ ಸಾಲು ಸಾಲಾಗಿ ಎಲ್ಲರ ಮುಖ ನೋಡಿದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಹೊಸ್ತಿಲ ಮೇಲೆ ಒಮ್ಮೆ ನಾಚಿಕೊಂಡು ಹೇಳಿದ್ದ ಹೆಸರನ್ನು ಅಂದು ಆ ಗಂಡಸರ ಸಭೆಯಲ್ಲಿ ಗಟ್ಟಿಯಾಗಿ ಕರೆದಳು.

“ಬಸಲಿಂಗಪ್ಪ!”

ಆಮೇಲೆ ಉತ್ತರವನ್ನೂ ತಾನೇ ಕೊಟ್ಟಳು. “ರೆಡಿ, ಸರ್.”

ಮಗಳ ಕೈ ಹಿಡಿದುಕೊಂಡು ಹೊರಗೆ ನಡೆದಳು.

ಈಗ ನಿಮ್ಮ ಕಡೆ ಬರೋಣ. ಆ ಸಾಹೇಬ ಎಲ್ಲಿದ್ದಾನೆ ಅಂತೀರಿ? ನನಗೆ ಇಲ್ಲಿಂದಲೇ ಕಾಣುತ್ತಿದ್ದಾನೆ. “ನಾ ಮನಿ ಕಟ್ಟಿಸಿದೆ” ಅನ್ನುತ್ತೀಯಲ್ಲಪ್ಪ, ಇಟ್ಟಿಗೆಗಳು ತಾವೇ ಎದ್ದು ನಿಂತವೇ? ಗೋಡೆ ಕಟ್ಟಿದ ಗೌಂಡಿಯ ಹೆಸರೇನು? “ಮಗಳ ಮದವಿ ನಾ ಒಬ್ಬನ ಪಾರು ಮಾಡಿದೆ” ಅನ್ನುತ್ತೀಯಲ್ಲ, ವಾರವಿಡೀ ನಿದ್ದೆಗೆಟ್ಟು ದುಡಿದ ತಮ್ಮನನ್ನು ಯಾವಾಗ ಇಳಿಸಿದೆ? “ನನ್ನ ಅಂಗಡಿ, ನನ್ನ ಬುದ್ಧಿ” ಅನ್ನುವವನೇ, ಬೇನೆ ಬಂದು ಮಲಗಿದ್ದಾಗ ಅಂಗಡಿಯ ಬಾಗಿಲು ತೆಗೆದು ಕೂತವಳು ಯಾರು? ಹೆಂಡತಿಯೇ ಅಲ್ಲವೇ? ಇನ್ನು, ಇವೆಲ್ಲ ಸುಳ್ಳೆಂದು ಗೊತ್ತಿದ್ದೂ ತಲೆ ಅಲ್ಲಾಡಿಸುತ್ತ ಚಹಾ ಕುಡಿಯುವವರು ಹಿಂದೆ ಕೂತಿದ್ದೀರಿ. ನಿಮಗೂ ಹೇಳುತ್ತಿದ್ದೇನೆ.

ಇಂದಿನಿಂದ ಒಂದು ಕೆಲಸ ಮಾಡಿ. ನಿಮ್ಮ ಗೆಲುವಿನ ಕಥೆ ಹೇಳುವ ಮುಂಚೆ ಅದರಲ್ಲಿದ್ದವರ ಹೆಸರು ಹಿಡಿದು ಕರೆಯಿರಿ, ಅವರ ಮಕ್ಕಳ ಮುಂದೆ, ನಿಮ್ಮ ಮಕ್ಕಳ ಮುಂದೆ. ಹೆಸರು ಬಾಯಿಗೆ ಬರಲಿಲ್ಲವೋ, ಕಥೆಯನ್ನೇ ಹೇಳಬೇಡಿ. ಇನ್ನೊಬ್ಬ ಯಾರದೋ ಹೆಸರು ಬಿಟ್ಟು ಹೇಳುತ್ತಿದ್ದರೆ, ಅವನು ಎಷ್ಟೇ ದೊಡ್ಡವನಾಗಿರಲಿ, ಎದ್ದು ನಿಂತು ಆ ಹೆಸರು ನೀವು ಹೇಳಿ.

ನಾಳೆ ನೋಡೋಣ ಅನ್ನಬೇಡಿ. ಇನ್ನೇನು ಪ್ರಸಾದದ ಪಂಕ್ತಿ ಕೂಡುತ್ತದೆ. ಹುಗ್ಗಿ ಮಾಡಿಸಿದ ದಾನಿಗಳ ಹೆಸರು ಈ ಮೈಕಿನಲ್ಲಿ ಬೆಳಗಿನಿಂದ ಕೂಗಿದ್ದೇ ಕೂಗಿದ್ದು. ಒಳಗೆ ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತ ಹುಗ್ಗಿ ತಿರುವಿದ ತಾಯಂದಿರ ಹೆಸರೇನು? ಹೇಳಿ. ಯಾರಾದರೂ ಹೇಳಿ.

ಬರುವುದಿಲ್ಲ ಅಲ್ಲವೇ? ಹಾಗಾದರೆ ಏಳಿ. ಮುಂದೆ ಕೂತವರೇ ಮೊದಲು ಏಳಿ. ಅಡುಗೆಮನೆಗೆ ಹೋಗಿ ಕೇಳಿಕೊಂಡು ಬನ್ನಿ. ಮೈಕ್ ಇಲ್ಲೇ ಇರುತ್ತದೆ. ಆ ಹೆಸರುಗಳನ್ನು ಇದರಲ್ಲಿ ಕರೆದು, ಒಳಗಿನಿಂದ ‘ಹೂಂ’ ಅಂದದ್ದು ನನ್ನ ಕಿವಿಗೆ ಬೀಳುವ ತನಕ ಒಂದು ಎಲೆಯೂ ಹಾಸುವುದಿಲ್ಲ.