ಆಲ್ಬನೇರಾ ಎಂಬ ಹೆಸರು ಯಾರದು

ನನ್ನ ಹೆಸರು ಪಾಲ್ಮೀರಾ ಗಾರಿಲ್ಯೊ, ತಂದೆ ದಿವಂಗತ ಕಾಂದಿದೊ, ವಯಸ್ಸು 41 ವರ್ಷ, ಕಸುಬು ಇಂಕ್ ಪೆನ್ನುಗಳ ಮೇಲೆ ಹೆಸರು ಒತ್ತುವುದು, ವಾಸ ತೂರಿನ್ ಜಿಲ್ಲೆಯ ಸೆತ್ತಿಮೊ ಊರಿನ ಕಾಲುವೆ ಬೀದಿ. ಈ ದಿನ ಠಾಣೆಗೆ ಕರೆಸಿ ವಿಚಾರಿಸಿದ್ದರಿಂದ, ಯಾರ ಒತ್ತಾಯವೂ ಇಲ್ಲದೆ ನಾನು ಹೇಳಿ ಬರೆಸುವುದೇನೆಂದರೆ:

ನಾನು ಹದಿನೆಂಟು ವರ್ಷಗಳಿಂದ ಸೆಕೊಂದೊ ಕ್ರವೇರೊ ಅವರ ಪೆನ್ನು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೇನೆ. ಲೇತಿನಲ್ಲಿ ಕಡೆದ ಪೆನ್ನು ನನ್ನ ಮೇಜಿಗೆ ಬರುವಾಗ ಅದಕ್ಕೆ ಹೆಸರಿರುವುದಿಲ್ಲ. ಕಾದ ಉಕ್ಕಿನ ಅಚ್ಚನ್ನು ಅದರ ಮೈಮೇಲೆ ಒತ್ತಿ ಹೆಸರು ಮೂಡಿಸುವುದು ನನ್ನ ಕೆಲಸ. ಸಗಟು ವ್ಯಾಪಾರಿ ಯಾವ ಹೆಸರು ಕೇಳಿದರೆ ಆ ಹೆಸರು. ಲಾರ್ಡ್ ಎಂದರೆ ಲಾರ್ಡ್, ಕಿಂಗ್ ಎಂದರೆ ಕಿಂಗ್. ಅಮೆರಿಕದ್ದೋ ಇಂಗ್ಲೆಂಡಿನದ್ದೋ ಅನ್ನಿಸಿದರೆ ಸಾಕು, ಜನ ಕೊಳ್ಳುತ್ತಾರೆ. ನನ್ನ ಕೈಯಿಂದ ಎಷ್ಟೋ ರಾಜರು ಹುಟ್ಟಿದ್ದಾರೆ, ಒಬ್ಬನಿಗೂ ನಾನು ತಲೆ ಬಾಗಿಸಿಲ್ಲ. ವ್ಯಾಪಾರಿ ಬೇಡವೆಂದರೆ ಅದೇ ಹೆಸರನ್ನು ಪಾಲಿಶ್ ಚಕ್ರಕ್ಕೆ ಹಿಡಿದು ಅಳಿಸುವವಳೂ ನಾನೇ.

ಆದರೆ ವರ್ಷಕ್ಕೊಮ್ಮೆ, ಸೆಪ್ಟೆಂಬರಿನ ಪೆನ್ನು ಸಂತೆಗೆಂದು, ಪ್ರತಿ ಕಾರ್ಖಾನೆಯವರೂ ತಮ್ಮ ಕೈಲಾದಷ್ಟು ಚೆನ್ನಾದ ಪೆನ್ನೊಂದನ್ನು ಮಾಡಿ ಅದಕ್ಕೆ ತಮ್ಮದೇ ಹೆಸರಿಡುತ್ತಾರೆ. ಆ ಹೆಸರಿಗಾಗಿ ಒರೆಸ್ತೆ ಪೆರೊತ್ತಿ ಅವರನ್ನು ಕರೆಸುವುದು ನಮ್ಮ ಊರಿನ ಪದ್ಧತಿ. ಇವರು ಹಿಂದೆ ತೂರಿನ್ ರೈಲು ನಿಲ್ದಾಣದಲ್ಲಿ ಊರುಗಳ ಹೆಸರು ಕೂಗುತ್ತಿದ್ದವರು. ಈಗ ವಯಸ್ಸು ಅರವತ್ತೇಳು. ಹೆಸರು ಕೊಟ್ಟ ಮನೆಯಲ್ಲಿ ಊಟ, ಒಂದು ಬಾಟಲಿ ವೈನ್, ಅಷ್ಟೇ ಅವರ ಬದುಕು. ಪಕ್ಕದ ಮನೆಯವರು ಕದಿಯಬಾರದೆಂದು, ಸಂತೆಯ ದಿನದವರೆಗೆ ಆ ಹೆಸರನ್ನು ಯಾರಿಗೂ ಹೇಳುವುದಿಲ್ಲವೆಂದು ಒರೆಸ್ತೆಯವರೂ ಮಾಲೀಕರೂ ಬ್ರೆಡ್ಡಿನ ಮೇಲೆ ಕೈಯಿಟ್ಟು ಆಣೆ ಮಾಡುತ್ತಾರೆ. ಹೆಸರು ಒತ್ತುವ ನಾನೂ ಆಣೆ ಮಾಡಬೇಕು.

ಇದೇ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅವರು ನಮ್ಮಲ್ಲಿಗೆ ಬಂದರು. ಈ ಸಲದ ಪೆನ್ನು ಕಪ್ಪು. ಬೆಳಕಿಗೆ ಹಿಡಿದು ತಿರುಗಿಸಿದರೆ ಮಾತ್ರ ಒಳಗಿನಿಂದ ನೀಲಿ ಏಳುತ್ತಿತ್ತು. ಒರೆಸ್ತೆಯವರು ಸೂಪು ಕುಡಿದು, ಬಾಯಿ ಒರೆಸಿಕೊಂಡು, ಪೆನ್ನನ್ನು ಅಂಗಳಕ್ಕೆ ಒಯ್ದರು. ಅವರು ಹೆಸರನ್ನು ಕಾಗದದ ಮೇಲೆ ಬರೆದು ನೋಡುವವರಲ್ಲ, ಗಟ್ಟಿಯಾಗಿ ಕೂಗಿ ನೋಡುವವರು. ಮಾಲೀಕರು, "ಕೊನೇಲಿ ಕಿಂಗ್ ಅಂತ ಬರ್ಲಿ ಒರೆಸ್ತೆ, ಕಿಂಗ್ ಇಲ್ದೆ ಮಿಲಾನಿನವರು ಮೂಸಿನೂ ನೋಡಲ್ಲ" ಎಂದರು. ಅದಕ್ಕೆ ಅವರು, "ಕಿಂಗು ಬೇಕಾದ್ರೆ ಇಸ್ಪೀಟು ತಗೋ ಮಾರಾಯ. ನಂಗೆ ಸ್ವಲ್ಪ ಸುಮ್ನಿರೋಕ್ ಬಿಡು" ಎಂದರು.

ಎರಡು ಮೂರು ಹೆಸರು ಕೂಗಿದರು. ಮೂರನೇ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ತಿರುಗಿಯೂ ನೋಡಲಿಲ್ಲ. ಆಮೇಲೆ ಪೆನ್ನನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ತಿರುಗಿಸಿ, ರೈಲು ಬರುವಾಗ ಕೂಗುವ ಆ ಹಳೆಯ ದನಿಯಲ್ಲಿ "ಆಲ್ಬನೇರಾ" ಎಂದರು. ಕಪ್ಪು ಬೆಳಗು ಎಂದು ಅದರ ಅರ್ಥ. ನಾವೆಲ್ಲ ಕೆಲಸಕ್ಕೆ ಹೊರಡುವಾಗ ನದಿಯ ಮೇಲೆ ಇರುತ್ತದಲ್ಲ, ಆ ಹೊತ್ತು. ಮೇಲಿದ್ದ ಹೆಂಗಸು ಕೈಯಲ್ಲಿ ಒದ್ದೆ ಅಂಗಿ ಹಿಡಿದುಕೊಂಡೇ ನಿಂತುಬಿಟ್ಟಳು. ಲೇತು ನಿಂತಿತು. ಅಲ್ಲಿಯವರೆಗೆ ಅದು ಬರೀ ಪೆನ್ನು, ಆ ಗಳಿಗೆಯಿಂದ ಅದಕ್ಕೆ ಜೀವ ಬಂದಂತಾಯಿತು. ಈ ಹೇಳಿಕೆ ಬರೆದುಕೊಳ್ಳುತ್ತಿರುವ ಠಾಣೆಯ ಸಾಹೇಬರು ಇದನ್ನು ಬರೆಯುವ ಅಗತ್ಯವಿಲ್ಲ ಎಂದರು. ಅಗತ್ಯವಿದೆ ಎಂದು ನಾನು ಹೇಳಿದೆ.

ಮನೆತನಕ್ಕೊಂದು ಹೆಸರಾದರೆ ಕೂಸಿಗೂ ಒಂದು ಬೇಕಲ್ಲ ಎಂದು ಒರೆಸ್ತೆಯವರು, ಎರಡು ಅಳತೆಯಲ್ಲಿ ಮಾಡಿದ್ದ ಆ ಪೆನ್ನಿನಲ್ಲಿ ಸಣ್ಣದಕ್ಕೆ ಪ್ರೀಮಾ, ಅಂದರೆ ಮೊದಲನೆಯವಳು ಎಂದೂ, ದೊಡ್ಡದಕ್ಕೆ ಮಜ್ಜೋರೆ, ಅಂದರೆ ದೊಡ್ಡವಳು ಎಂದೂ ಇಟ್ಟರು. ಆಲ್ಬನೇರಾ ಮಜ್ಜೋರೆ. ಅದನ್ನು ಒತ್ತುವಾಗ ಪ್ರತಿ ಸಲವೂ ನನಗೆ ತಿಳಿಯದೆ ತುಟಿ ಅಲ್ಲಾಡುತ್ತಿತ್ತು. ಮನೆಗೆ ಹೋಗುವಾಗ ದಾರಿಯಲ್ಲಿ ಒಬ್ಬಳೇ ಹೇಳಿಕೊಳ್ಳುತ್ತಿದ್ದೆ.

ನಿನ್ನೆ ಭಾನುವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಚೌಕದಲ್ಲಿ ಸಂತೆ ಶುರುವಾಯಿತು. ನಮ್ಮ ಮೇಜಿನಿಂದ ಹತ್ತು ಹೆಜ್ಜೆ ದೂರದಲ್ಲಿ ದೆಲ್ಫೀನಾ ಬ್ರುನೆತ್ತೊ ಅವರ ಮೇಜು. ಇವರು ಗಂಡ ತೀರಿಕೊಂಡ ಮೇಲೆ ತಾವೇ ಕಾರ್ಖಾನೆ ನಡೆಸುತ್ತಿದ್ದಾರೆ. ಜೆನೋವಾದ ಒಬ್ಬ ವ್ಯಾಪಾರಿ ನಮ್ಮ ಪೆನ್ನು ಕೈಗೆತ್ತಿಕೊಂಡು, ಹೆಸರು ಓದಿ, ಇದನ್ನೇ ಈಗತಾನೆ ಅಲ್ಲಿ ನೋಡಿದೆನಲ್ಲ ಎಂದ. ನಮ್ಮ ಮಾಲೀಕರು ಅಲ್ಲಿಗೆ ಹೋದರು. ನಾನೂ ಹಿಂದೆಯೇ ಹೋದೆ. ಅದೇ ಕಪ್ಪು, ಅದೇ ನೀಲಿ, ಆಲ್ಬನೇರಾ ಮಜ್ಜೋರೆ.

ಮಾಲೀಕರು, "ಏನಮ್ಮಾ, ಗಂಡ ಹೋದ್ಮೇಲೆ ಕಳ್ಳತನಾನೂ ಕಲಿತ್ಯಾ?" ಎಂದು ಕೂಗಿದರು. ದೆಲ್ಫೀನಾ ಅವರು, "ಬಾಯಿ ತೊಳ್ಕೊಂಡ್ ಮಾತಾಡೋ ಸೆಕೊಂದೊ. ನಿನ್ನ ಲೇತಲ್ಲಿ ಬರೋದು ಪೊರಕೆ ಹಿಡಿ, ಅದಕ್ಕೆ ಈ ಹೆಸರು ಬೇರೆ ಕೇಡು!" ಎಂದರು. ಮಾಲೀಕರು ಅವರ ಮೇಜನ್ನು ಒದ್ದರು. ದೆಲ್ಫೀನಾ ಅವರು ಸೀದಾ ನಮ್ಮ ಮೇಜಿಗೆ ಬಂದು ಅದನ್ನು ಬುಡಮೇಲು ಮಾಡಿದರು. ಎರಡೂ ಮೇಜಿನ ಪೆನ್ನುಗಳು ಚೌಕದ ಕಲ್ಲುಹಾಸಿನ ಮೇಲೆ ಉರುಳಿ ಒಂದರೊಳಗೊಂದು ಸೇರಿಹೋದವು. ಅಷ್ಟರಲ್ಲಿ ಇಬ್ಬರಿಗೂ ಒಟ್ಟಿಗೆ ಒರೆಸ್ತೆಯವರ ನೆನಪಾಯಿತು. ಅವರು ಬಾವಿಯ ಬಳಿ ಹುರಿದ ಮೀನು ತಿನ್ನುತ್ತಿದ್ದರು. ಮಾಲೀಕರು ಅವರ ಕೊರಳಪಟ್ಟಿ ಹಿಡಿದು ಕಪಾಳಕ್ಕೆ ಹೊಡೆದರು, ತುಟಿ ಒಡೆದು ರಕ್ತ ಬಂತು. ದೆಲ್ಫೀನಾ ಅವರು ಹೊಡೆಯಲಿಲ್ಲ, ಆದರೆ ಬಿಡಿಸಲೂ ಇಲ್ಲ. ನಾನು ಬಿಡಿಸಿದೆ.

ಒರೆಸ್ತೆಯವರನ್ನೂ, ಬಟ್ಟೆ ತೊಳೆಯುವ ತೊಟ್ಟಿಯೊಂದರಲ್ಲಿ ತುಂಬಿದ ಪೆನ್ನುಗಳನ್ನೂ ಠಾಣೆಗೆ ತಂದರು. ಈ ದಿನ ನನ್ನೆದುರಿಗೇ ಸಾಹೇಬರು, ಒಂದೇ ಹೆಸರನ್ನು ಇಬ್ಬರಿಗೆ ಏಕೆ ಕೊಟ್ಟೆ ಎಂದು ಕೇಳಿದರು. ಅದಕ್ಕೆ ಒರೆಸ್ತೆಯವರು, "ಇಬ್ಬರಿಗೆಲ್ಲಿ ಕೊಟ್ಟೆ ಸ್ವಾಮಿ, ಒಂದೇ ಪೆನ್ನನ್ನ ಎರಡು ಮನೇಲಿ ನೋಡ್ದೆ. ದೆಲ್ಫೀನಾ ತಂದು ತೋರಿಸ್ದಾಗ ನೋಡ್ತೀನಿ, ಅದೇ ಪೆನ್ನು. ಇದಕ್ಕಾಗ್ಲೇ ಹೆಸರಿದೆ ಅನ್ನೋಣ ಅಂದ್ರೆ ಆಣೆ ಅಡ್ಡ. ಬೇರೆ ಹೆಸರು ಹೇಳೋಣ ಅಂದ್ರೆ ಅದು ಸುಳ್ಳು. ಇವಳು ಆಲ್ಬನೇರಾ ಅಂತ ಗೊತ್ತಿದ್ದೂ ಬೇರೆ ಹೆಸರಿಂದ ಹೆಂಗ್ ಕರೀಲಿ?" ಎಂದರು.

ಆಗ ಅಲ್ಲೇ ಇದ್ದ ಮಾಲೀಕರಿಬ್ಬರೂ, ಪೆನ್ನು ಕಡೆಯುವ ಸೆಲ್ಯುಲಾಯ್ಡ್ ಕೋಲು ಎಲ್ಲಿಂದ ತಂದಿರಿ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಒಬ್ಬನೇ ವ್ಯಾಪಾರಿ ಒಂದೇ ಹದದಲ್ಲಿ ಬಂದ ಕೋಲುಗಳನ್ನು ಅರ್ಧ ಇವರಿಗೆ, ಅರ್ಧ ಅವರಿಗೆ ಮಾರಿದ್ದ. ಕೊಂಡದ್ದನ್ನೂ ಇಬ್ಬರೂ ಗುಟ್ಟಾಗಿಟ್ಟಿದ್ದರು. ಆದರೂ ಹಟ ಇಳಿಯಲಿಲ್ಲ. ಪೆನ್ನುಗಳನ್ನು ಬೇರೆ ಮಾಡಬೇಕು, ಹೆಸರನ್ನು ಎರಡನೆಯದಾಗಿ ಪಡೆದ ದೆಲ್ಫೀನಾ ಅಳಿಸಬೇಕು ಎಂದು ನಮ್ಮ ಮಾಲೀಕರೂ, ಹಾಗಾದರೆ ತಮಗಾಗುವ ನಷ್ಟಕ್ಕೆ ಒರೆಸ್ತೆಯ ಮೇಲೆ ಮೋಸದ ಕೇಸು ಹಾಕಬೇಕು ಎಂದು ದೆಲ್ಫೀನಾ ಅವರೂ ಹೇಳಿದರು. ಒಮ್ಮೆ ಮೋಸಗಾರನೆಂದು ದಾಖಲಾದರೆ ಈ ಊರಿನ ಯಾವ ಅಂಗಳಕ್ಕೂ ಅವರನ್ನು ಸೇರಿಸುವುದಿಲ್ಲ. ಊಟಕ್ಕೆ ಬೇರೆ ದಾರಿಯಿಲ್ಲ.

ಸಾಹೇಬರು ತೊಟ್ಟಿಯನ್ನು ಮೇಜಿನ ಮೇಲೆ ಸುರಿದು, ಬೇರೆ ಮಾಡಿ ನೋಡೋಣ ಎಂದರು. ಮಾಲೀಕರು ಕನ್ನಡಕ ಹಾಕಿದರು, ತೆಗೆದರು. ದೆಲ್ಫೀನಾ ಅವರು ಒಂದನ್ನು ಎತ್ತಿ ನನ್ನದು ಎಂದರು, ಆಮೇಲೆ ತಿರುಗಿಸಿ ನೋಡಿ ಕೆಳಗಿಟ್ಟರು. ಇಬ್ಬರಿಗೂ ಗೊತ್ತಾಗಲಿಲ್ಲ. ಬೇರೆಯಾಗದಿದ್ದರೆ ನಷ್ಟ ಯಾರದೆಂದು ಬರೆಯಲಿ, ಜೊತೆಗೂಡಿ ಮಾರಿಕೊಳ್ಳಿ, ಈ ಮುದುಕ ಮನೆಗೆ ಹೋಗಲಿ ಎಂದು ಸಾಹೇಬರು ಹೇಳಿದರು. ನಂತರ ನನ್ನ ಕಡೆ ತಿರುಗಿ, ಒತ್ತಿದವಳು ನೀನು, ನಿನಗೆ ಗೊತ್ತಾಗುತ್ತದೆಯೇ ಎಂದು ಕೇಳಿದರು.

ಇಲ್ಲ ಎಂದುಬಿಡಬಹುದಿತ್ತು. ಒರೆಸ್ತೆಯವರು ಒಡೆದ ತುಟಿಯನ್ನು ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದರು. ಸುಳ್ಳು ಹೆಸರು ಹೇಳಲಾರದೆ ಕೂತ ಮನುಷ್ಯನ ಎದುರು ನನಗೆ ಸುಳ್ಳು ಬರಲಿಲ್ಲ. ಗೊತ್ತಾಗುತ್ತದೆ, ನನ್ನ ಕೈಯ ಒತ್ತು ನನಗೆ ಗೊತ್ತು, ಆದರೆ ಬೇರೆ ಮಾಡಿಕೊಡುವುದಿಲ್ಲ ಎಂದೆ. ಮಾಲೀಕರು, "ನಾಳೆಯಿಂದ ಕೆಲಸಕ್ಕೆ ಬರ್ಬೇಡ" ಎಂದರು. ಆಗಲಿ ಎಂದೆ. ಲಾರ್ಡುಗಳನ್ನು, ಕಿಂಗುಗಳನ್ನು ಎಷ್ಟೋ ಅಳಿಸಿದ್ದೇನೆ. ಆದರೆ ಈ ಹೆಸರು ಯಾರ ಪೆನ್ನಿನ ಮೇಲಿದ್ದರೂ ಅದನ್ನು ಚಕ್ರಕ್ಕೆ ಹಿಡಿಯಲು ನಾನು ದಾರಿ ಮಾಡಿಕೊಡಲಾರೆ. ನಾನು ಬೇರೆ ಮಾಡದಿದ್ದರೆ ಒರೆಸ್ತೆಯವರ ಮೇಲೆ ಕೇಸೂ ಬರದು. ಸಾಹೇಬರು ಬರೆಯುವುದನ್ನು ನಿಲ್ಲಿಸಿ, ಗೊತ್ತಾಗುತ್ತದೆ ಎಂದದ್ದನ್ನು ಬಿಟ್ಟುಬಿಡಲೇ, ಇದರಿಂದ ನಿಮಗೇ ತೊಂದರೆ ಎಂದರು. ಬೇಡ, ಅದನ್ನೂ ಬರೆಯಿರಿ, ಕೊಡುವುದಿಲ್ಲ ಎಂದದ್ದನ್ನೂ ಬರೆಯಿರಿ ಎಂದು ಹೇಳಿದೆ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ನುಡಿದಂತೆಯೇ ಇದೆ, ಸತ್ಯವಾಗಿದೆ, ಇದರಲ್ಲಿ ಅಳಿಸಬೇಕಾದದ್ದು ಏನೂ ಇಲ್ಲ.

ಸ್ಥಳ: ಸೆತ್ತಿಮೊ
ದಿನಾಂಕ: 15 ಸೆಪ್ಟೆಂಬರ್ 1952
ಸಹಿ: ಪಾಲ್ಮೀರಾ ಗಾರಿಲ್ಯೊ