ಕಿವುಡು ಕೋಣೆ

ಯಾರೂ ಕೇಳದ ಮಾತನ್ನೂ ಕೇಳಿಸಿಕೊಳ್ಳುವ ದಯಾಮಯನೇ, ನಿನಗೆ ಶರಣು. ಈ ಹೊತ್ತು ನನ್ನ ನಾಲಿಗೆ ಜಾರದಿರಲಿ… ಅಯ್ಯೋ, ಏಳಬೇಡಿ ಅಣ್ಣಾ, ಏಳಬೇಡಿ! ಸ್ಟೂಲು ನಾನೇ ಎಳ್ಕೋತೀನಿ. ಯಾವ ಕೆಲಸಕ್ಕೆ ಹೊರಟರೂ ಅವನಿಗೊಂದು ಮಾತು ಹೇಳಿಬಿಡೋ ಅಭ್ಯಾಸ ನಂದು. ಯಾಕೆ ನಗ್ತೀರಿ? ನಗಿ, ನಗಿ. ನಗೋಕೇನು ದನಿ ಬೇಕಾ… ಛೆ! ತಪ್ಪಾಯ್ತು.

ಕೆಳಗಿನ ಬೀಗ ರಿಪೇರಿಯವರು ಹೇಳಿದ್ರು. ಬಸ್ ನಿಲ್ದಾಣದ ಅನೌನ್ಸರ್ ಮನೆ ಮೇಲೇನೇ, ಗಂಟಲು ಆಪರೇಷನ್ ಆಗಿದೆ, ಮಾತಿಲ್ಲ, ಸ್ಲೇಟಲ್ಲಿ ಬರೀತಾರೆ ಅಂತ. ಸ್ಲೇಟು ತೊಡೆ ಮೇಲೇ ಇದೆಯಲ್ಲ, ಒಳ್ಳೇದು. ನಾನು ಕಂಪನಿ ಕಡೆಯಿಂದ ಬಂದೋಳು. ಕಾಮೆಂಟ್ ಕಂಪನಿ. ಸಾವಿರಾರು ಬ್ಲಾಗು, ಪೇಪರ್ ಸೈಟು ಇವೆ ನೋಡಿ, ಮೇಲಿನ ಬರಹ ಅವರದು, ಕೆಳಗಿನ ಕಾಮೆಂಟ್ ಪೆಟ್ಟಿಗೆ ನಮ್ಮದು. ಏನೇನು ಬರುತ್ತೆ ಅಂತೀರಿ! ಫ್ಯಾನ್ ರಿಪೇರಿ ಬ್ಲಾಗಿನ ಕೆಳಗೂ ಹೆತ್ತವರನ್ನ ಎತ್ತಿ ಬೈಯೋ ಮಹಾನುಭಾವರಿದ್ದಾರೆ. ಅದನ್ನೆಲ್ಲ ಗುಡಿಸೋದು ನನ್ನ ಕೆಲಸ.

ನೀವು ಬರೀತಿದ್ರಲ್ಲ, ಗಂಟಲು ಆಪರೇಷನ್ ಆದವರ ಬ್ಲಾಗಿನಲ್ಲಿ… ಹೂಂ, ಅದೇ. ಹನ್ನೊಂದು ತಿಂಗಳು. ಒಬ್ಬರೂ ಉತ್ತರ ಕೊಡಲಿಲ್ಲ. ಅವರ ತಪ್ಪಲ್ಲ ಅಣ್ಣಾ. ಅವರಿಗೆ ನೀವು ಬರೆದದ್ದು ಕಾಣಿಸಲೇ ಇಲ್ಲ.

ಹಾಗೆ ನೋಡಬೇಡಿ. ಹೇಳ್ತೀನಿ.

ಮೊದಲನೇ ದಿನ ನೀವು ಒಂದೇ ಪ್ರಶ್ನೇನ ಒಂಬತ್ತು ಪುಟದಲ್ಲಿ ಹಾಕಿದ್ರಿ, ನೆನಪಿದೆಯಾ? ಯಾವ ಪುಟ ಸರಿ ಅಂತ ಗೊತ್ತಾಗದೆ. ಪಾಪ, ಹೊಸಬರು. ಆದರೆ ಒಂದೇ ಮಾತು ಒಂಬತ್ತು ಕಡೆ ಬಿದ್ರೆ ಅದು ಔಷಧಿ ಮಾರೋರ ಜಾಹೀರಾತು ಅಂತ ಲೆಕ್ಕ. ಅಂಥವರ ಬರಹ ಅಳಿಸಲ್ಲ ನಾವು. ಅಳಿಸಿದ್ರೆ ಬೇರೆ ಹೆಸರಲ್ಲಿ ಮತ್ತೆ ಬರ್ತಾರೆ. ಅದಕ್ಕೇ ಕಿವುಡು ಕೋಣೆಗೆ ಹಾಕೋದು. ನಾವಿಟ್ಟ ಹೆಸರು ಅದು. ಅವರು ಬರೆದದ್ದು ಅವರಿಗೆ ಕಾಣುತ್ತೆ, ಲೋಕಕ್ಕೆ ಕಾಣಲ್ಲ. ಗೋಡೆ ಜೊತೆ ಮಾತಾಡ್ಕೊಂಡಿರಲಿ ಅಂತ.

ಮೆಷಿನ್ನು ಮಾಡಿದ್ದು ಅಣ್ಣಾ, ಮೆಷಿನ್ನು! ಮನುಷ್ಯರ ಕಣ್ಣೇ ಬೀಳಲಿಲ್ಲ. ಅದಕ್ಕೇ ಕಂಪನಿ ನನ್ನನ್ನ ಕ್ಷಮೆ ಕೇಳೋಕೆ ಕಳಿಸಿದೆ. ಇಗೋ ಕಾಗದ, ಕೆಳಗೊಂದು ಸಹಿ ಹಾಕಿದ್ರೆ… ಬೇಡ್ವಾ? ಆಯ್ತು, ಅವಸರವೇನಿಲ್ಲ.

ನೀರು ಕೊಡ್ಲಾ? ಚೆನ್ನಾಗಿಟ್ಟುಕೊಂಡಿದ್ದೀರಿ ಕೋಣೆ. ಪರದೆ ಹೊಸದಲ್ವಾ… ಪುಟ್ಟಿ ಈಗಲೂ ನಿಮ್ಮ ಕತ್ತಿನ ತೂತಿನ ಉಸಿರಿನ ಸದ್ದಿಗೆ ಹೆದರಿ ಪರದೆ ಹಿಂದೆ ಓಡ್ತಾಳಾ, ಇಲ್ಲ ತೊಡೆ ಮೇಲೆ ಕೂರ್ತಾಳಾ?

…ಏನು? ಯಾಕೆ ಹಾಗೆ ನೋಡ್ತೀರಿ?

ಮೊಮ್ಮಗಳ ವಿಷಯ ಕೇಳಿದೆ ಅಷ್ಟೆ. ಎಲ್ಲರ ಮನೇಲೂ ಇರ್ತಾರಲ್ಲ. ಬೀಗದವರು ಹೇಳಿರಬೇಕು… ಹೇಳಿರಬೇಕು… ಅಣ್ಣಾ, ಬಳಪ ತಗೊಳ್ಳಿ. ಏನಾದ್ರೂ ಬರೀರಿ. ಬೈದಾದ್ರೂ ಬರೀರಿ.

ಬರೆಯಲ್ವಾ.

ಸರಿ. ಪರದೆ ವಿಷಯ ನೀವು ಯಾರಿಗೂ ಹೇಳಿಲ್ಲ. ಮಗಳಿಗೂ ಹೇಳಿಲ್ಲ. ಬರೆದದ್ದು ಆ ಬ್ಲಾಗಿನಲ್ಲಿ ಮಾತ್ರ.

ಓದಿದೆ ಅಣ್ಣಾ. ನೀವು ಬರೆದ ನೂರ ಹನ್ನೆರಡು ಕಾಮೆಂಟೂ ಓದಿದೆ. ಕಿವುಡು ಕೋಣೆಗೆ ಹಾಕೋ ಬಟನ್ ಒತ್ತಿದ್ದು ಮೆಷಿನ್ನಲ್ಲ, ಈ ಬೆರಳು. ಮೂರನೇ ದಿನಕ್ಕೇ ಗೊತ್ತಾಯ್ತು, ಇವರು ಮಾರೋರಲ್ಲ, ನೊಂದವರು ಅಂತ. ಬಾಗಿಲು ತೆಗೆಯಬಹುದಿತ್ತು. ತೆಗೆದ್ರೆ ತಪ್ಪು ನಂದೇ ಅಂತ ನನ್ನ ಹೆಸರಿಗೆ ಕೆಂಪು ಗುರುತು. ಆಗಲೇ ಎರಡು ಬಿದ್ದಿದ್ವು, ಮೂರನೇದು ಬಿದ್ರೆ ಕೆಲಸ ಹೋಗುತ್ತೆ. ನಾಳೆ ತೆಗೀತೀನಿ, ನಾಡಿದ್ದು ತೆಗೀತೀನಿ… ಆಮೇಲೆ, ಹೇಗೆ ಹೇಳಲಿ… ಮೂರು ದಿನಕ್ಕೊಮ್ಮೆ, ರಾತ್ರಿ ಹತ್ತೂವರೆಗೆ ನೀವು ಬರೀತಿದ್ರಿ. ನನಗೊಬ್ಬಳಿಗೇ ಬಂದ ಕಾಗದದ ಹಾಗಿತ್ತು. ಓದಿ, ಕಣ್ಣೊರೆಸ್ಕೊಂಡು, ನಿಮಗೋಸ್ಕರ ದೇವರಿಗೆ ಕೈ ಮುಗೀತಿದ್ದೆ. ಎರಡೂ ಕೈ ಮುಗಿದೆ ಅಣ್ಣಾ. ಅದರಲ್ಲಿ ಒಂದು ಬೆರಳು ಎತ್ತಿ, ನಿಮ್ಮನ್ನ ಹೊರಗೆ ಬಿಡೋ ಬಟನ್ ಒತ್ತಲಿಲ್ಲ.

ನೀವು ಕೇಳಿದ್ದು ಒಂದೇ, ‘ದನಿ ಮತ್ತೆ ಕಲಿಸೋರು ಇದ್ದೀರಾ?’ ಇದ್ರು. ಅದೇ ಬ್ಲಾಗಿನಲ್ಲಿ ಪೋಸ್ಟ್‌ಮ್ಯಾನ್ ಅಜ್ಜ ಇದ್ರು, ನಿಮ್ಮ ಹಾಗೇ ಆಪರೇಷನ್ ಆಗಿ ದನಿ ಮತ್ತೆ ಕಲಿತವರು. ಹೊಸಬರು ಬಂದ ದಿನವೇ ಉತ್ತರ ಬರೆದು, ಮನೆಗೇ ಹೋಗಿ ಕಲಿಸ್ತಿದ್ರು. ಇಲ್ಲಿಂದ ಎರಡು ಬೀದಿ ಆಚೆ ಅವರ ಮನೆ. ಎರಡೇ ಬೀದಿ!

ಹೋದ ತಿಂಗಳು ತೀರಿಕೊಂಡ್ರಲ್ಲ. ಎಲ್ಲರೂ ಬರೆದ್ರು, ನೀವೂ ಬರೆದ್ರಿ. ‘ಅಜ್ಜಾ, ನನಗೆ ನೀವು ಉತ್ತರ ಕೊಡಲಿಲ್ಲ. ಕೊಡಬೇಕೆಂದೇನೂ ಇರಲಿಲ್ಲ. ನೆಮ್ಮದಿಯಾಗಿ ಮಲಗಿ.’ ಅದೂ ಯಾರಿಗೂ ಕಾಣಲಿಲ್ಲ. ಅದಕ್ಕೇ ಹುಡುಕ್ಕೊಂಡು ಬಂದೆ, ಬೀಗ ರಿಪೇರಿ ಅಂಗಡಿ ಮೇಲಿನ ಮನೆ ಅಂತ ನೀವೇ ಒಮ್ಮೆ ಬರೆದಿದ್ರಿ.

ಕಂಪನಿ ಕಳಿಸಿಲ್ಲ. ಕಂಪನಿಗೆ ಗೊತ್ತೇ ಇಲ್ಲ. ಈ ಕಾಗದ ನಾನೇ ಬರ್ಕೊಂಡು ಬಂದದ್ದು. ನೀವು ಸಹಿ ಹಾಕಿದ್ರೆ ಯಾರೋ ಕ್ಷಮಿಸಿದ ಹಾಗಾಗುತ್ತೆ ಅಂತ… ಇಗೋ, ಹರಿದೆ.

ಇಲ್ಲಿ ನೋಡಿ, ಫೋನು ನಿಮ್ಮ ಕಣ್ಣೆದುರಿಗೇ ಹಿಡೀತೀನಿ. ‘ಎಲ್ಲರಿಗೂ ತೋರಿಸು’… ಒತ್ತಿದೆ. ನೂರ ಹನ್ನೆರಡೂ ಹೊರಗೆ ಬಂದ್ವು. ಕೆಂಪು ಗುರುತು ಬೀಳಲಿ. ಕೆಲಸ ಹೋಗಲಿ. ಅಜ್ಜ ಮಾತ್ರ ಓದಲ್ಲ.

ಅಣ್ಣಾ… ಒಂದು ಅಕ್ಷರ?

ಗೋಡೆ ಕಡೆ ತಿರುಗಿಬಿಟ್ರಾ. ಸ್ಲೇಟು ಎದೆಗೆ ಅವುಚಿಕೊಂಡು.

ಬೇಡ, ತಿರುಗಬೇಡಿ. ಹೀಗಿರುತ್ತೆ ಅಲ್ವಾ… ಹೀಗೇ ಇತ್ತು ನಿಮಗೆ, ಹನ್ನೊಂದು ತಿಂಗಳು. ನನಗಿನ್ನೂ ಒಂದು ಗಂಟೆ ಆಗಿಲ್ಲ, ತಡೆಯೋಕಾಗ್ತಿಲ್ಲ.

ಹೋಗಿ ಬರ್ತೀನಿ ಅಂತ ಹೇಳೋ ಮುಖ ನನಗಿಲ್ಲ. ಬಾಗಿಲು ಮಾತ್ರ ಮುಚ್ಚಲ್ಲ ಅಣ್ಣಾ, ತೆಗೆದೇ ಹೋಗ್ತೀನಿ. ಕೂಗಿ ಕೂಗಿ ಸುಮ್ಮನಾದವರನ್ನ ದೇವರು ಕಾಯಲಿ. ಇಷ್ಟೂ ಹೊತ್ತು ನನ್ನ ಮಾತು ಕೇಳಿದ ನಿಮಗೆ, ಕೇಳಿಸಿಕೊಂಡವರು ಇನ್ನು ಯಾರ್ಯಾರಿದ್ದಾರೋ ಅವರೆಲ್ಲರಿಗೂ ಒಳ್ಳೇದಾಗಲಿ. ನೀವು ಕರೆದಾಗ ಓಗೊಡುವ ಒಂದು ಜೀವ ಎರಡು ಬೀದಿ ಆಚೆಯಲ್ಲಾದರೂ ಇರಲಿ.