ಹುಣಸೆಮರದಿಂದ ಕಿತ್ತ ಮೊಳೆ

ನನಗೆ ಕತೆ ಹೇಳೋಕೆ ಬರಲ್ಲ, ಮೊದಲೇ ಕ್ಷಮಿಸಿಬಿಡಿ. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಅಂತ ಗೊತ್ತಾಗಲ್ಲ. ಆದರೆ ಇದು ನಡೆದದ್ದು. ನಮ್ಮ ದೊಡ್ಡಪ್ಪನ ಮಗ ಕದಿರೇಶನಿಗೆ, ಆವನಿಯಿಂದ ದೇವರಾಯಸಮುದ್ರಕ್ಕೆ ಬರೋ ದಾರಿಯಲ್ಲಿ.

ಅವನದು ಹಳೇ ಡೀಸೆಲ್ ಕಾರು. ಆ ರಾತ್ರಿ ಹಿಂದಿನ ಸೀಟಲ್ಲಿ ಅವನ ತಾಯಿ, ಅಂದರೆ ನಮ್ಮ ದೊಡ್ಡಮ್ಮ, ಮುನಿಯಲ್ಲಮ್ಮ ಒಬ್ಬರೇ. ಉಬ್ಬಸ ಏರಿತ್ತು. ಒಂದೊಂದು ಉಸಿರಿಗೂ ಎದೆಯೊಳಗಿಂದ ಸುಂಯ್... ಸುಂಯ್... ಕೋಲಾರದ ಆಸ್ಪತ್ರೆ ಮುಟ್ಟಿಸಿದರೆ ಉಳಿದರು, ಇಲ್ಲವಾದರೆ ಇಲ್ಲ.

ಕೆರೆ ಹತ್ತಿರ ಬಂದಾಗ, "ಹೊಗೆ... ಹೊಗೆ ಕಣೋ" ಅಂದರು. ಡೀಸೆಲ್ ಹೊಗೆ ಒಳಗೆ ನುಗ್ಗುತ್ತಿತ್ತು. ಗಾಳಿಯಾಡಲಿ ಅಂತ ಇವನು ಒಂದು ಹುಣಸೆಮರದ ಪಕ್ಕ ನಿಲ್ಲಿಸಿ ಇಂಜಿನ್ ಆಫ್ ಮಾಡಿದ. ಅದೇ ತಪ್ಪಾಯಿತು.

ಮತ್ತೆ ಕೀ ತಿರುಗಿಸಿದ. ಟಕ್. ಅಷ್ಟೇ. ಇನ್ನೊಮ್ಮೆ. ಟಕ್.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಕೀ ತಿರುಗಿಸಿದಾಗ ಸ್ಟೇರಿಂಗ್ ಮುಂದಿನ ಹೀಟರ್ ದೀಪ ಹತ್ತುತ್ತಿತ್ತು, ಅಂದರೆ ಬ್ಯಾಟರಿ ಪೂರ್ತಿ ಸತ್ತಿಲ್ಲ. ಪುಟ್ಟ ದೀಪಕ್ಕೆ ಚೂರು ಕರೆಂಟ್ ಸಾಕು. ಸ್ಟಾರ್ಟರ್ ಮೋಟಾರಿಗೆ ಒಮ್ಮೆಲೇ ಧಾರಾಳವಾಗಿ ಬೇಕು. ಎಲ್ಲೋ ಸಡಿಲ ಇದೆ ಅಂತ ಕದಿರೇಶ ಬಾನೆಟ್ ಎತ್ತಿ ಮೊಬೈಲ್ ಬೆಳಕು ಬಿಟ್ಟ. ಬ್ಯಾಟರಿಗೆ ವೈರು ಕಚ್ಚಿಸೋ ಕ್ಲಾಂಪು ಸೊರಗಿದ ಕೈಯ ಬಳೆ ಹಾಗೆ ತಿರುಗಿತು. ಬೋಲ್ಟು ಸವೆದಿತ್ತು, ಎಷ್ಟು ಬಿಗಿದರೂ ಕಚ್ಚಲಿಲ್ಲ. ಸಂದಿಗೆ ಒಂದು ಕಬ್ಬಿಣದ ಚೂರು ಹೊಡೆದರೆ ಸಾಕು. ಅದೇ ಇಲ್ಲ. 108ಕ್ಕೆ ಫೋನ್ ಮಾಡೋಣ ಅಂದರೆ ಸಿಗ್ನಲ್ ಇಲ್ಲ. ಒಬ್ಬನೇ ತಳ್ಳೋಣ ಅಂದರೆ ಮುಂದೆ ಏರು.

ಬೆಳಕು ಹುಣಸೆಮರದ ಬೊಡ್ಡೆ ಮೇಲೆ ಬಿತ್ತು. ಮೈತುಂಬ ಮೊಳೆಗಳು.

ಗೊತ್ತಿಲ್ಲದವರಿಗೆ ಹೇಳ್ತೀನಿ. ನಮ್ಮ ಕಡೆ ಮೈಮೇಲೆ ಬಂದ ಗಾಳಿಯನ್ನು ಮಂತ್ರಗಾರ ಬಿಡಿಸಿದ ಮೇಲೆ, ಮೈದುಂಬಿದವರ ಕೂದಲು ಸುತ್ತಿ ಮರಕ್ಕೆ ಮೊಳೆ ಹೊಡೀತಾನೆ. ಅಲ್ಲಿಗೆ ಅದು ಆ ಮರದ್ದು. ಆ ಮೊಳೆಯನ್ನು ಯಾರೂ ಮುಟ್ಟಲ್ಲ. ಕದಿರೇಶನಿಗೂ ಗೊತ್ತಿತ್ತು. ಆದರೆ ಕಾರಿನೊಳಗಿಂದ ಸುಂಯ್... ಕೇಳುತ್ತಿತ್ತು.

ಇಕ್ಕಳ ಹಾಕಿ ಎಳೆದ. ಕಿರ್‌ರ್... ಬಂತು. ಸುತ್ತಿದ್ದ ಉದ್ದ ಕೂದಲನ್ನು ಲುಂಗಿಗೆ ಒರೆಸಿದ. ಸಂದಿಗಿಟ್ಟು ಕಲ್ಲಲ್ಲಿ ಬಡಿದ. ಟಣ್. ಟಣ್. ಕೀ ತಿರುಗಿಸಿದ. ಧಡ್ ಧಡ್ ಧಡ್...

"ಹತ್ತಿತು ಕಣಮ್ಮಾ! ಇನ್ನೇನು ಕೋಲಾರ!"

ಹೈವೇ ಇನ್ನೂ ಸಿಕ್ಕಿರಲಿಲ್ಲ. ಹಿಂದಿನಿಂದ ಅಮ್ಮ ಮೆಲ್ಲಗೆ ಅಂದರು, "ಸ್ವಲ್ಪ ಜರುಗಮ್ಮಾ..."

"ಯಾರಿಗಮ್ಮಾ ಹೇಳ್ತಿದೀಯ?"

"ನೀನು ಮುಂದೆ ನೋಡ್ಕೊಂಡು ಓಡ್ಸು."

ಕದಿರೇಶ ಕನ್ನಡಿ ನೋಡಲಿಲ್ಲ. ಕಿವಿಗೊಟ್ಟ, ಅಷ್ಟೇ. ಬಲಗಡೆ ಅಮ್ಮನ ಉಸಿರು. ಸುಂಯ್. ಅದು ಮುಗಿದ ಮೇಲೆ ಎಡಗಡೆಯಿಂದ ಇನ್ನೊಂದು. ಸುಂಯ್... ತಡವರಿಸುತ್ತಾ, ಅಮ್ಮನದನ್ನೇ ಕೇಳಿ ಕಲಿಯುತ್ತಿರುವ ಹಾಗೆ.

ನಿಲ್ಲಿಸಿ ಮೊಳೆ ಕಿತ್ತರೆ ಕಾರು ಮತ್ತೆ ಹತ್ತಲ್ಲ, ಅಮ್ಮ ಉಳಿಯಲ್ಲ. ನಿಲ್ಲಿಸದಿದ್ದರೆ ಅದೂ ಜೊತೆಗೇ. ಇನ್ನೂ ಜೋರಾಗಿ ಓಡಿಸಿದ.

"ನಮ್ಮಮ್ಮನ್ನ ಬಿಟ್ಬಿಡು ತಾಯೀ," ಅಂತ ಪಿಸುಗುಟ್ಟಿದ. "ನಿಂಗೇನು ಬೇಕೋ ತಗೋ."

ಎಡಗಡೆಯ ಉಸಿರು ಜೋರಾಯಿತು. ಬಲಗಡೆಯದು... ನಿಂತಿತು.

ಅಮ್ಮ ಹೋದಳು ಅಂದುಕೊಂಡ. ಆಸ್ಪತ್ರೆಯ ಬಾಗಿಲವರೆಗೂ ಅಳುತ್ತಲೇ ಓಡಿಸಿದ. ನಿಲ್ಲಿಸಿದರೆ, ಅಮ್ಮ ತಾವೇ ಇಳಿದು ಸೆರಗು ಸರಿಮಾಡಿಕೊಂಡರು. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ನಕ್ಕರು. "ಏನ್ರೀ, ಎದೆ ಕನ್ನಡಿ ಹಂಗೈತೆ. ಇಷ್ಟೊತ್ತಲ್ಲಿ ಯಾಕೆ ಕರ್ಕೊಂಡ್ ಬಂದ್ರಿ?"

ಅಂದಿನಿಂದ ಅವರಿಗೆ ಉಬ್ಬಸ ಇಲ್ಲ. ಕದಿರೇಶ ಹೊಸ ಕ್ಲಾಂಪು ತಂದಿಟ್ಟಿದಾನೆ, ಹಾಕಿಲ್ಲ. ಮೊಳೆ ತೆಗೆದರೆ ಅಮ್ಮನ ಉಬ್ಬಸ ಅಮ್ಮನಿಗೇ ವಾಪಸ್ ಬಂದರೆ? ಕಾರು ಮಾರೋಕೂ ಆಗಲ್ಲ, ಬಿಡೋಕೂ ಆಗಲ್ಲ. ಹಿಂದಿನ ಸೀಟಿಂದ ಈಗಲೂ ಸುಂಯ್ ಕೇಳುತ್ತಂತೆ.

"ಲೇ, ಅದು ಬ್ರೇಕಿನ ವ್ಯಾಕ್ಯೂಮ್ ಪೈಪು ಲೀಕು ಕಣೋ," ಅಂತ ಮೆಕ್ಯಾನಿಕ್ ಶ್ರೀಧರ್ ನಗ್ತಾನೆ. ಇರಬಹುದು. ಆದರೆ ಅದರ ಪಂಪು ಇಂಜಿನ್ ತಿರುಗಿದರೆ ಮಾತ್ರ ಗಾಳಿ ಎಳೆಯೋದು. ನಾನು ಹೋದಾಗ ಕಾರು ಶೆಡ್ಡಲ್ಲಿ ತಣ್ಣಗೆ ನಿಂತಿತ್ತು, ಆದರೂ ಒಳಗೆ ಸುಂಯ್... ಹಿಂದಿನ ಎಡಗಡೆ ಗಾಜು ಮಾತ್ರ ಮಂಜಾಗಿತ್ತು. ನನ್ನಾಣೆ, ಸುಳ್ಳಲ್ಲ. ಮಂಜು ಒಳಗಡೆಯದೇ ಅಂತ ಹೇಗೆ ಗೊತ್ತಾಯಿತು ಅಂದರೆ, ನಾನು ಹೊರಗಿನಿಂದ ಅಂಗೈಯಲ್ಲಿ ಒರೆಸಿದರೆ ಹೋಗಲಿಲ್ಲ, ಆಗ ಒಳಗಿನಿಂದ...

ಇರಿ, ಬಂದೆ. ಬೀದಿಯ ಆ ತುದಿಯಿಂದ ದೊಡ್ಡಮ್ಮ ನನ್ನನ್ನು ಕೂಗ್ತಿದಾರೆ, ಒಂದೇ ಉಸಿರಲ್ಲಿ.